ಕ್ರಿಕೆಟ್ ಬ್ಯಾಟ್ ಚಪ್ಪಟೆ, ಬೇಸ್‌ಬಾಲ್ ಬ್ಯಾಟ್ ಗುಂಡಗೆ: ಯಾಕೆ?

(ದೃಶ್ಯ: ಮಾನಸಗಂಗೋತ್ರಿ, ಮೈದಾನದ ಬೇಲಿ ಪಕ್ಕ)

ನಮಸ್ಕಾರ. ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದ ಪಕ್ಕ ನಿಂತಿದ್ದೇನೆ. ಬಲಗೈಯಲ್ಲಿ ಕ್ರಿಕೆಟ್ ಬಾಲ್. ಎಡಗೈಯಲ್ಲಿ ಬೇಸ್‌ಬಾಲ್, ಅಮೆರಿಕದಿಂದ ಬಂದ ನೆಂಟರು ಕೊಟ್ಟಿದ್ದು. ಬೇಸ್‌ಬಾಲ್ ಒಂಚೂರು ದಪ್ಪ, ಆದರೆ ಹಗುರ. 142ರಿಂದ 149 ಗ್ರಾಂ. ನಮ್ಮದು 156ರಿಂದ 163.

(ದೃಶ್ಯ: ಎರಡು ಚೆಂಡು, ತೀರಾ ಹತ್ತಿರದಿಂದ)

ಕಣ್ಣು ಮುಚ್ಚಿಕೊಂಡರೂ ಯಾವುದು ಯಾವುದೆಂದು ಹೆಬ್ಬೆರಳೇ ಹೇಳುತ್ತದೆ. ಕ್ರಿಕೆಟ್ ಬಾಲಿನ ಹೊಲಿಗೆ ಉಡಿದಾರ ಕಟ್ಟಿದ ಹಾಗೆ ನಡುವಿಗೇ ಸುತ್ತಿದೆ. ಆರು ಸಾಲು, ಎದ್ದು ನಿಂತಿದೆ. ಬೇಸ್‌ಬಾಲಿನದು ವಿ.ಸಿ. ನಾಲೆ ಹರಿದ ಹಾಗೆ ಚೆಂಡಿನ ತುಂಬಾ ಬಳುಕುತ್ತದೆ. ಕೆಂಪು ದಾರ, 108 ಜೋಡಿ ಹೊಲಿಗೆ. ಜಪಸರದ ಮಣಿ ಲೆಕ್ಕ!

ಯಾಕೆ ಹೀಗೆ? ಕ್ರಿಕೆಟ್ ಚೆಂಡು ನೆಲ ಮುಟ್ಟಿ ಬರುತ್ತದೆ. ಬೇಸ್‌ಬಾಲ್ ಗಾಳಿಯಲ್ಲೇ ಬರುತ್ತದೆ. ಎರಡೂ ಆಟದ ಸಾಮಾನಿನ ಗುಟ್ಟು ಬಹುಪಾಲು ಇಷ್ಟೇ.

ಎದ್ದ ಹೊಲಿಗೆ ನೆಲಕ್ಕೆ ತಗುಲಿದರೆ ಚೆಂಡು ಒಳಗೋ ಹೊರಗೋ ಹೊರಳುತ್ತದೆ. ನಮ್ಮೂರಿನ ಜಾವಗಲ್ ಶ್ರೀನಾಥ್ ತೆಗೆದ 236 ಟೆಸ್ಟ್ ವಿಕೆಟ್‌ಗಳಲ್ಲಿ ಈ ದಾರಕ್ಕೂ ಒಂದು ಪಾಲು ಕೊಡಬೇಕು. ಬೇಸ್‌ಬಾಲಿನಲ್ಲಿ ಗಿರಗಿರ ತಿರುಗುವ ಹೊಲಿಗೆ ಗಾಳಿಯನ್ನು ಹಿಡಿದು ಚೆಂಡನ್ನು ಬಾಗಿಸುತ್ತದೆ. ಎಸೆದದ್ದು ಮಣ್ಣಿಗೆ ಬಿತ್ತು ಅಂದರೆ ಸಾಮಾನ್ಯವಾಗಿ ಚೆಂಡನ್ನೇ ಬದಲಾಯಿಸುತ್ತಾರೆ. ನಮ್ಮ ಟೆಸ್ಟ್‌ನಲ್ಲಿ ಹೊಸ ಚೆಂಡು ಕೇಳಲು 80 ಓವರ್ ಕಾಯಬೇಕು.

ತಮಾಷೆ ಏನು ಗೊತ್ತಾ? ಮಣ್ಣು ಅಂದರೆ ಆಗದ ಅವರೇ, ಪಂದ್ಯಕ್ಕೆ ಮುಂಚೆ ಹೊಸ ಚೆಂಡಿಗೆ ಡೆಲವೇರ್ ನದಿ ಕಡೆಯ ಕೆಸರು ತಿಕ್ಕುತ್ತಾರೆ. ಜಾರಬಾರದು ಅಂತ. ಶ್ರೀರಂಗಪಟ್ಟಣದ ಗದ್ದೆ ಕೆಸರು ನಡೆಯಲ್ವಾ ಅಂತ ಸುಮ್ನೆ ಒಂದು ಆಸೆ ನನಗೆ.

(ದೃಶ್ಯ: ಎರಡು ಬ್ಯಾಟ್)

ಈಗ ಬ್ಯಾಟ್. ಪುಟಿದ ಚೆಂಡು ಕಾಲ ಬುಡಕ್ಕೂ ಬರುತ್ತದೆ, ಕಿವಿ ಪಕ್ಕಕ್ಕೂ ಬರುತ್ತದೆ. ಹಿಂದೆ ಸ್ಟಂಪ್ ಬೇರೆ ಕಾಯಬೇಕು. ಅದಕ್ಕೇ ನಮ್ಮ ಬ್ಯಾಟ್ ಚಪ್ಪಟೆ, ಅಗಲ 10.8 ಸೆಂ.ಮೀ.ವರೆಗೆ. ವಿಲ್ಲೋ ಮರ, ಬೆತ್ತದ ಹಿಡಿ. ಏಟಿನ ಜುಮ್ಮು ಕೈಗೆ ಹತ್ತದ ಹಾಗೆ ಬೆತ್ತ ನುಂಗಿಕೊಳ್ಳುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಬ್ಯಾಟ್ ಒಂದೇ ಮರದ ತುಂಡು, ಹೆಚ್ಚಾಗಿ ಮೇಪಲ್. ದಪ್ಪ ಜಾಗದಲ್ಲೂ 6.6 ಸೆಂ.ಮೀ. ಸುತ್ತಮುತ್ತ, ಅದಕ್ಕಿಂತ ಜಾಸ್ತಿ ಇಲ್ಲ. ಒನಕೆ ನೆನಪಾಗುತ್ತದೆ, ಅಲ್ವಾ? ಕಾಯಲು ಸ್ಟಂಪ್ ಇಲ್ಲ, ಬೀಸುವುದೇ ಕೆಲಸ.

ಪ್ಯಾಡ್ ಲೆಕ್ಕವೂ ಅದೇ. ಪುಟಿದ ಚೆಂಡಿಗೆ ಯಾರ ಕಾಲು ಸಿಗುತ್ತದೋ ಅವರಿಗೆ ಪ್ಯಾಡ್. ಬೇಸ್‌ಬಾಲಿನಲ್ಲಿ ಅದು ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್.

ಗ್ಲೋವ್ ವಿಷಯದಲ್ಲಿ ಮಾತ್ರ ನನ್ನ ಈ ನೆಲದ ಲೆಕ್ಕ ಕೈಕೊಡುತ್ತದೆ. ಅಲ್ಲಿ ಒಂಬತ್ತೂ ಫೀಲ್ಡರ್‌ಗಳಿಗೆ ಒಂದೊಂದು ಚರ್ಮದ ಗ್ಲೋವ್. ನಮ್ಮಲ್ಲಿ ಕೀಪರ್ ಬಿಟ್ಟರೆ ಎಲ್ಲರದ್ದೂ ಬರಿಗೈ.

(ದೃಶ್ಯ: ಕಿರುಬೆರಳು)

ನೋಡಿ, ನನ್ನ ಕಿರುಬೆರಳು ಹೇಗೆ ಸೊಟ್ಟಗಿದೆ. ಸ್ಲಿಪ್‌ನಲ್ಲಿ ನಿಂತಾಗ ಆದದ್ದು. ಕ್ಯಾಚೂ ಬಿಟ್ಟಿದ್ದೆ.