ಸ್ಪೇಸ್ಡ್ ನೋಡೋದಾದ್ರೆ ಡೈಸಿ ಕಡೆಯಿಂದ ನೋಡಿ

ಎಲ್ರಿಗೂ ನಮಸ್ಕಾರ. ಮೈಕ್ ಹಿಂದಿನವರೆಗೂ ಕೇಳ್ತಿದೆ ಅಲ್ವಾ? ಸರಿ.

ಇವತ್ತಿನ ವಿಷಯ ಸ್ಪೇಸ್ಡ್ ಅನ್ನೋ ಬ್ರಿಟಿಷ್ ಸಿಟ್‌ಕಾಮ್, ಅಂದ್ರೆ ಟಿವಿಯ ಹಾಸ್ಯ ಧಾರಾವಾಹಿ. 1999ರ ಸೆಪ್ಟೆಂಬರ್‌ನಲ್ಲಿ ಚಾನೆಲ್ 4ರಲ್ಲಿ ಶುರುವಾಯ್ತು, 2001ರ ಏಪ್ರಿಲ್‌ನಲ್ಲಿ ಮುಗಿದೇಹೋಯ್ತು, ಎರಡೇ ಸೀಸನ್, ಒಟ್ಟು 14 ಎಪಿಸೋಡ್. ತಮಾಷೆ ಏನಂದ್ರೆ ಆಗ ಬ್ರಿಟನ್‌ನಲ್ಲಿ ಅಮೆರಿಕದ ಫ್ರೆಂಡ್ಸ್ ಸಿಟ್‌ಕಾಮ್ ಬರ್ತಿದ್ದಿದ್ದೂ ಇದೇ ಚಾನೆಲ್‌ನಲ್ಲಿ. ಅಲ್ಲಿ ಮ್ಯಾನ್‌ಹಟನ್‌ನಲ್ಲಿ ಛತ್ರದಷ್ಟು ದೊಡ್ಡ ಫ್ಲಾಟು, ಇಲ್ಲಿ ಉತ್ತರ ಲಂಡನ್‌ನ ಒಂದು ಹಳೇ ಮನೆ, ಅದ್ರಲ್ಲಿ ಅರೆಬರೆ ಕೆಲಸ ಇರೋ ಇಲ್ಲಾ ಕೆಲಸಾನೇ ಇಲ್ದಿರೋ ಹುಡುಗ್ರು. ಫ್ರೆಂಡ್ಸ್ ಗೊತ್ತಿಲ್ದೋರು ಈ ಹಾಲ್‌ನಲ್ಲಿ ಇರಲಿಕ್ಕಿಲ್ಲ, ಸ್ಪೇಸ್ಡ್ ನೋಡಿರೋರು ಕೈ ಎತ್ತಿ ಅಂದ್ರೆ ನನಗೇ ಮುಜುಗರ ಆಗುತ್ತೆ, ಕೇಳಲ್ಲ ಬಿಡಿ.

ಕಥೆ ಇಷ್ಟೇ. ಟಿಮ್‌ನ ಅವನ ಗರ್ಲ್‌ಫ್ರೆಂಡ್ ಮನೆಯಿಂದ ಹೊರಗೆ ಹಾಕಿದಾಳೆ, ಡೈಸಿಗೂ ಇರೋಕೆ ಒಂದು ನೆಟ್ಟಗಿನ ಜಾಗ ಬೇಕು. ಇಬ್ರಿಗೂ ಪರಿಚಯ ಆಗೋದೇ ಒಂದು ಕೆಫೆಯಲ್ಲಿ, ಬಾಡಿಗೆ ಮನೆ ಜಾಹೀರಾತು ನೋಡ್ತಾ ನೋಡ್ತಾ. ಒಳ್ಳೇ ಫ್ಲಾಟ್ ಒಂದು ಸಿಗುತ್ತೆ, ಆದ್ರೆ ಕೆಲಸದಲ್ಲಿರೋ ಜೋಡಿಗಳಿಗೆ ಮಾತ್ರ ಅಂತ ಹಾಕಿರ್ತಾರೆ. ಬೆಂಗಳೂರಲ್ಲಿ 'ಫ್ಯಾಮಿಲಿಗೆ ಮಾತ್ರ, ಬ್ಯಾಚುಲರ್ಸ್‌ಗೆ ಇಲ್ಲ' ಅಂತ ಬೋರ್ಡ್ ನೋಡಿ ವಾಪಸ್ ಬಂದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಇವರಿಬ್ರೂ ಜೋಡಿ ಅಂತ ಸುಳ್ಳು ಹೇಳಿ ಮನೆ ಹಿಡೀತಾರೆ. ಓನರ್ ಮಾರ್ಶಾ, ಕೈಯಲ್ಲಿ ಯಾವಾಗ್ಲೂ ಸಿಗರೇಟು ಮತ್ತೆ ವೈನು. ಕೆಳಗಡೆ ಬ್ರಯಾನ್ ಅಂತ ಒಬ್ಬ ಕಲಾವಿದ, ಯಾವಾಗ್ಲೂ ಸಂಕಟದಲ್ಲೇ ಇರ್ತಾನೆ. ಟಿಮ್ ಗೆಳೆಯ ಮೈಕ್‌ಗೆ ಮಿಲಿಟರಿ ಹುಚ್ಚು, ಡೈಸಿ ಗೆಳತಿ ಟ್ವಿಸ್ಟ್‌ಗೆ ಬಟ್ಟೆ ಹುಚ್ಚು. ಇಷ್ಟೇ ಜನ.

ಇದನ್ನ ಬರೆದೋರು ಸೈಮನ್ ಪೆಗ್ ಮತ್ತೆ ಜೆಸಿಕಾ ಸ್ಟೀವನ್‌ಸನ್, ಈಗ ಜೆಸಿಕಾ ಹೈನ್ಸ್. ಟಿಮ್, ಡೈಸಿ ಪಾತ್ರ ಮಾಡಿರೋದೂ ಅವರೇ. ಡೈರೆಕ್ಟರ್ ಎಡ್ಗರ್ ರೈಟ್, ಆಗ ಇನ್ನೂ ಇಪ್ಪತ್ತೈದು ವರ್ಷ. ಆ ಕಾಲದ ಎಷ್ಟೋ ಸಿಟ್‌ಕಾಮ್ ಅಂದ್ರೆ ಸ್ಟುಡಿಯೋ ಸೆಟ್ಟು, ಮೂರ್ನಾಲ್ಕು ಕ್ಯಾಮೆರಾ, ಎದುರಿಗೆ ನಗೋಕೆ ಕೂರಿಸಿದ ಜನ. ಇಲ್ಲಿ ಒಂದೇ ಕ್ಯಾಮೆರಾ, ನಗೆ ಸೌಂಡೇ ಇಲ್ಲ, ಚಿಕ್ಕಪುಟ್ಟ ಕೆಲಸಕ್ಕೂ ಆ್ಯಕ್ಷನ್ ಸಿನಿಮಾ ಥರ ಪಟಪಟ ಅಂತ ಕಟ್ ಆಗುತ್ತೆ. ಒಂದು ಎಪಿಸೋಡ್‌ನಲ್ಲಿ ಟಿಮ್ ರಾತ್ರಿಯೆಲ್ಲಾ ರೆಸಿಡೆಂಟ್ ಈವಿಲ್ ಗೇಮ್ ಆಡಿ, ತಗೋಬಾರದ್ದು ಏನೋ ತಗೊಂಡು, ಎಲ್ಲಿ ನೋಡಿದ್ರೂ ಜಾಂಬಿ, ಅಂದ್ರೆ ಎದ್ದು ಓಡಾಡೋ ಹೆಣಗಳು, ಕಾಣೋಕೆ ಶುರುವಾಗುತ್ತೆ, ಪೆಗ್, ರೈಟ್ ಸೇರಿ ಮಾಡಿದ 2004ರ ಶಾನ್ ಆಫ್ ದಿ ಡೆಡ್ ಅನ್ನೋ ಜಾಂಬಿ ಸಿನಿಮಾ ಹುಟ್ಟಿದ್ದೇ ಆ ಸೀನಿಂದ.

ಈಗ ನನ್ನ ತಕರಾರಿಗೆ ಬರ್ತೀನಿ. ಸ್ಪೇಸ್ಡ್ ಬಗ್ಗೆ ಯಾರೇ ಮಾತಾಡ್ಲಿ, ಪೆಗ್, ರೈಟ್, ಮೈಕ್ ಆಗಿದ್ದ ನಿಕ್ ಫ್ರಾಸ್ಟ್, ಆಮೇಲೆ ಅವರು ಮಾಡಿದ ಮೂರು ಸಿನಿಮಾ, ಅಲ್ಲಿಗೆ ಮಾತು ಮುಗೀತು. ಸ್ಟಾರ್ ವಾರ್ಸ್ ಜೋಕ್ ಎಷ್ಟಿದೆ ಅಂತ ಎಣಿಸ್ತಾ ಕೂರ್ತಾರೆ. ಎಣಿಸ್ಲಿ, ನಂಗೂ ಇಷ್ಟಾನೇ. ಟಿಮ್ ಸ್ಟಾರ್ ವಾರ್ಸ್ ಸರಣಿಯ ಫ್ಯಾಂಟಮ್ ಮೆನಿಸ್ ಸಿನಿಮಾನ ಎಷ್ಟು ದ್ವೇಷಿಸ್ತಾನೆ ಅಂದ್ರೆ ಕಾಮಿಕ್ಸ್ ಅಂಗಡೀಲಿ ಒಂದು ಚಿಕ್ಕ ಹುಡುಗನ ಮೇಲೆ ರೇಗಾಡಿ ಕೆಲಸ ಕಳ್ಕೋತಾನೆ, ಆದ್ರೆ ಟಿಮ್ ಗರ್ಲ್‌ಫ್ರೆಂಡ್‌ನ ಹಾರಿಸ್ಕೊಂಡು ಹೋದ ಡುವೇನ್ ಪಾತ್ರದ ಪೀಟರ್ ಸೆರಾಫಿನೋವಿಚ್ ಇದಾರಲ್ಲ, ಆ ಸಿನಿಮಾದಲ್ಲಿ ಡಾರ್ತ್ ಮಾಲ್ ಅನ್ನೋ ವಿಲನ್‌ಗೆ ದನಿ ಕೊಟ್ಟಿರೋದೇ ಅವ್ರು! ಇಂಥದ್ದೆಲ್ಲಾ ಗೊತ್ತಾದಾಗ ಮಜಾ ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅರ್ಧ ಶೋ ಬರೆದ ಹೆಂಗಸಿನ ಹೆಸರು ಯಾಕ್ರೀ ಪ್ರತೀ ಸಲ ಉದುರಿಹೋಗುತ್ತೆ?

ಡೈಸಿನ ಸ್ವಲ್ಪ ಗಮನಿಸಿ ನೋಡಿ. ಈ ಥರದ ಶೋಗಳಲ್ಲಿ ಹುಡುಗ್ರು ಮಂಗಾಟ ಮಾಡ್ತಾರೆ, ಹುಡುಗಿ ಸೊಂಟದ ಮೇಲೆ ಕೈ ಇಟ್ಕೊಂಡು ಬುದ್ಧಿ ಹೇಳ್ತಾಳೆ, ಅವಳಿಗೆ ಸಿಗೋ ಕೆಲಸ ಅಷ್ಟೇ. ಡೈಸಿ ಹಂಗಲ್ಲ. ಅವಳು ಟಿಮ್‌ಗಿಂತ ದೊಡ್ಡ ಸೋಂಬೇರಿ, ಬಾಯಿ ಜಾಸ್ತಿ, ತಾನು ರೈಟರ್ ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ತಾಳೆ, ಬರೆಯೋದು ಮಾತ್ರ ಕೇಳ್ಬೇಡಿ. ಎರಡನೇ ಎಪಿಸೋಡ್ ಪೂರ್ತಿ ಇದೇ, ಬರೆಯೋಕೆ ಕೂರೋದು ತಪ್ಪಿಸ್ಕೊಳ್ಳೋಕೆ ಅಂತಾನೇ ಮನೇಲಿ ಒಂದು ಪಾರ್ಟಿ ಇಟ್ಕೋತಾಳೆ. ಬಾಯ್‌ಫ್ರೆಂಡ್ ಕೈ ಕೊಟ್ಟ ಅಂತ ನಾಯಿ ತಂದು ಸಾಕ್ಕೋತಾಳೆ, ಅದಕ್ಕೆ ಕಾಲಿನ್ ಅಂತ ಹೆಸರು. ನಾಯಿಗೆ ಗಂಡಸರ ಹೆಸರು, ಕಾಲಿನ್!

ಇನ್ನೊಂದು ವಿಷಯ, ಇದು ನನ್ನ ಸ್ವಂತ ಲೆಕ್ಕಾಚಾರ, ಒಪ್ಪದಿದ್ರೆ ಆಮೇಲೆ ಜಗಳ ಆಡೋಣ. ಟಿಮ್‌ನ ಸಿನಿಮಾ ಕಲ್ಪನೆಗಳು ಬರೋದು ಅವನು ಇಷ್ಟಪಟ್ಟಿದ್ದರಿಂದ, ಗೇಮು, ಕಾಮಿಕ್ಸು. ಡೈಸಿದು ಬಹಳಷ್ಟು ಸಲ ಭಯದಿಂದ. ಎರಡನೇ ಸೀಸನ್‌ನಲ್ಲಿ ದುಡ್ಡಿಲ್ದೆ ಒಂದು ರೆಸ್ಟೋರೆಂಟ್ ಕಿಚನ್‌ಗೆ ಕೆಲಸಕ್ಕೆ ಸೇರ್ತಾಳೆ, ಆ ಕಿಚನ್ ಪೂರ್ತಿ ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್ ಸಿನಿಮಾದ ಹುಚ್ಚಾಸ್ಪತ್ರೆ ಥರ ಇರುತ್ತೆ. ಸಿನಿಮಾ ಗೊತ್ತಿದ್ರೆ ನಗು ಬರುತ್ತೆ, ಗೊತ್ತಿಲ್ದಿದ್ರೂ ಇಷ್ಟವಿಲ್ಲದ ಕೆಲಸಕ್ಕೆ ಬೆಳಿಗ್ಗೆ ಎದ್ದು ಹೋಗಿರೋ ಯಾರಿಗಾದ್ರೂ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತೆ. ಬರೀ ರೆಫರೆನ್ಸ್ ತುಂಬಿದ ಶೋ ಆಗಿದ್ರೆ ಇಷ್ಟೊತ್ತಿಗೆ ಹಳಸಿಹೋಗಿರೋದು.

ಅಮೆರಿಕದೋರು ಇದನ್ನ ರೀಮೇಕ್ ಮಾಡೋಕೆ ಹೊರಟಿದ್ರು, ಫಾಕ್ಸ್ ಚಾನೆಲ್‌ಗೆ ಅಂತ ಪೈಲಟ್, ಅಂದ್ರೆ ಮಾದರಿ ಎಪಿಸೋಡ್, ತೆಗೆದ್ರು, ಮೂಲ ಶೋ ಮಾಡಿದೋರನ್ನ ಹೊರಗಿಟ್ಟೇ. ಪೈಲಟ್ ಮುಂದಕ್ಕೆ ಹೋಗಲಿಲ್ಲ, ಒಳ್ಳೇದೇ ಆಯ್ತು.

ಶಾನ್ ಆಫ್ ದಿ ಡೆಡ್ ನೋಡಿರೋರು ನೆನಪು ಮಾಡ್ಕೊಳ್ಳಿ, ಹಿತ್ತಲ ದಾರೀಲಿ ಶಾನ್ ಗುಂಪಿಗೆ ಎದುರಾಗಿ ಥೇಟ್ ಅವರ ಥರದ್ದೇ ಇನ್ನೊಂದು ಗುಂಪು ಬರುತ್ತಲ್ಲ, ಅದರ ಮುಂದೆ ನಡೆಯೋ ಇವಾನ್ ಪಾತ್ರ ಜೆಸಿಕಾದೇ. ಕೊನೇಲಿ ಮಿಲಿಟರಿ ಕರ್ಕೊಂಡು ಬಂದು ಹೀರೋನ ಉಳಿಸೋದೂ ಅವಳೇ. ನಾಕು ನಿಮಿಷದ ಪಾತ್ರ. ಆ ಇನ್ನೊಂದು ಗುಂಪಿನ ಕಥೆ ಸಿನಿಮಾ ಆಗಿದ್ರೆ ನಾನಂತೂ ಮೊದಲ ದಿನಾನೇ ಟಿಕೆಟ್ ತಗೋತಿದ್ದೆ.

ನೋಡೋಕೆ ಶುರು ಮಾಡೋರಿಗೆ ಒಂದು ಮಾತು, ಎರಡನೇ ಸೀಸನ್‌ನ ಐದನೇ ಎಪಿಸೋಡ್, ಬರೀ ಬೆರಳನ್ನೇ ಗನ್ ಮಾಡ್ಕೊಂಡು ಸ್ಲೋಮೋಷನ್‌ನಲ್ಲಿ ಗುಂಡಿನ ಕಾಳಗ ಆಡೋದು, ಬಹಳ ಫೇಮಸ್ಸು, ಅದ್ರಿಂದ ಶುರು ಮಾಡ್ಬೇಡಿ. ಮೊದಲಿಂದ ನೋಡ್ಕೊಂಡು ಬನ್ನಿ, ಹೆಚ್ಚುಕಮ್ಮಿ ಆರು ಗಂಟೆ ಸಾಕು, ಒಂದು ಭಾನುವಾರದ ಕೆಲಸ. ಸರಿ, ಈಗ ಪ್ರಶ್ನೆ ಕೇಳಿ, ಜಗಳ ಆಡೋರು ಮೊದಲು.