ಮಕ್ಕಳ ಕೈಗೆ ಪನ್ನೀರುದಾನಿ ಕೊಡಿ

ನಮಸ್ಕಾರ. ಮೊನ್ನೆ ಒಂದು ಹಳೆಯ ಮದುವೆ ಆಲ್ಬಂ ನೋಡುತ್ತಿದ್ದೆ. ರಿಸೆಪ್ಷನ್ ಫೋಟೋ. ಗಂಡು-ಹೆಣ್ಣು ನಗುತ್ತಿದ್ದಾರೆ, ಪಕ್ಕದಲ್ಲಿ ನಾನೂ ಹಲ್ಲು ಕಿರಿದು ನಿಂತಿದ್ದೇನೆ. ನನ್ನ ಮಗ ಮಾತ್ರ ಬಾಯಿ ಬಿಟ್ಟುಕೊಂಡು ಅಳುತ್ತಿದ್ದಾನೆ. 40 ನಿಮಿಷ ಕ್ಯೂನಲ್ಲಿ ನಿಂತಿದ್ದೆವು. ಸುಮ್ನೆ ಇರಲಿ ಅಂತ ಮೊಬೈಲ್ ಕೊಟ್ಟಿದ್ದೆ. ಸ್ಟೇಜ್ ಮೆಟ್ಟಿಲು ಹತ್ತುವ ಹೊತ್ತಿಗೆ ಬ್ಯಾಟರಿ ಖಾಲಿ!

ಈಗ ಮಕ್ಕಳಿಗೆ ಅಂತಲೇ ಬೇರೆ ಪ್ಯಾಕೇಜ್ ಬಂದಿದೆ. ಗಾಳಿ ತುಂಬಿದ ಜಾರುಬಂಡೆ, ಮುಖಕ್ಕೆ ಹುಲಿ ಬಣ್ಣ, ಬಲೂನ್ ತಿರುಚಿ ನಾಯಿ ಮಾಡಿಕೊಡುವವರು. ದುಡ್ಡಿದ್ದವರು ಮಾಡಿಸಲಿ, ನನ್ನದೇನೂ ತಕರಾರಿಲ್ಲ. ಆದರೆ ಬಲೂನ್ ನಾಯಿಯ ಆಯಸ್ಸು ಎಷ್ಟು ಹೇಳಿ? ಢಬ್ ಅಂದಮೇಲೆ ಮತ್ತೆ ಅದೇ ಅಳು.

ಮಕ್ಕಳಿಗೆ ಒಂದು ಕೆಲಸ ಕೊಡಿ ಎನ್ನುತ್ತೇನೆ ನಾನು.

ಹೋದ ವರ್ಷ ತುಮಕೂರಿನ ಒಂದು ಛತ್ರದಲ್ಲಿ ನಮ್ಮಣ್ಣನ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿದೆವು. ಏಳು ವರ್ಷದ ಹುಡುಗಿ, ಕೈಯಲ್ಲಿ ಬೆಳ್ಳಿ ಪನ್ನೀರುದಾನಿ. ಬಂದವರ ಕನ್ನಡಕಕ್ಕೇ ಗುರಿಯಿಟ್ಟು ಚಿಮುಕಿಸುತ್ತಿದ್ದಳು. ಕನ್ನಡಕ ಇಲ್ಲದವರಿಗೆ ಕಲ್ಲುಸಕ್ಕರೆ ಒಂದು ಹರಳು ಜಾಸ್ತಿ. ಅವಳ ತಮ್ಮ ತಾಂಬೂಲದ ಚೀಲಗಳ ಮೇಲ್ವಿಚಾರಕ. ಪ್ರತಿ ಚೀಲವನ್ನೂ ಮುಟ್ಟಿ ನೋಡಿ, "ಇದರಲ್ಲಿ ಕಾಯಿನೇ ಇಲ್ಲ!" ಅಂತ ಛತ್ರಕ್ಕೆಲ್ಲ ಕೇಳುವ ಹಾಗೆ ಕೂಗಿದ. ಬೀಗರ ಎದುರು ಮರ್ಯಾದೆ ಹೋಯಿತು, ಆದರೆ ಲೆಕ್ಕ ಸರಿಯಾಗಿತ್ತು.

ಉಳಿದ ಮಕ್ಕಳಿಗೆ? ಒಂದು ಸೀಮೆಸುಣ್ಣ ಸಾಕು. ಊಟದ ಹಾಲ್ ಹೊರಗೆ ನೆಲದ ಮೇಲೆ ಐದಕ್ಕೆ ಐದು ಮನೆ ಬರೆದರೆ ಚೌಕಾಬಾರ ಶುರು. ನಾಲ್ಕು ಕವಡೆ ಮನೆಯಿಂದಲೇ ಒಯ್ಯಿರಿ. ಹುಣಸೆಬೀಜ ತೇಯ್ದುಕೊಳ್ಳೋಣ ಅಂದರೆ ಈಗ ಅಡುಗೆಯವರು ಬೀಜ ತೆಗೆದ ಹುಣಸೆಹಣ್ಣನ್ನೇ ತರುತ್ತಾರೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಅಷ್ಟು ಹೇಳಿಕೊಟ್ಟರೆ ಸಾಕು, ಜಗಳ ಅವರೇ ಕಲಿಯುತ್ತಾರೆ. ನಮ್ಮಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು ಸ್ಟೇಜ್ ಹತ್ತಲಾರದೆ ಇಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಎರಡು ಸಲ ಕಾಯಿ ಕದ್ದು ನಡೆಸಿ ಸಿಕ್ಕಿಬಿದ್ದರು.

ಇನ್ನೊಂದು ಮಾತು, ಊಟ. ಕಾರ್ಡಿನಲ್ಲಿ 7 ಗಂಟೆ ಎಂದಿರುತ್ತದೆ, ಮೇಕಪ್ ಮುಗಿದು ಜೋಡಿ ಬರುವುದು 8ಕ್ಕೆ. ಆಮೇಲೆ ಕ್ಯೂ, ಆಮೇಲೆ ಊಟ. ಮಕ್ಕಳ ಹಟದಲ್ಲಿ ಮುಕ್ಕಾಲು ಪಾಲು ಹಸಿವೇ, ಅಲ್ವಾ? ಮೊದಲ ಪಂಕ್ತಿ ಅವರಿಗೇ ಹಾಕಿ. ಗೋಬಿ ಮಂಚೂರಿ ಆಮೇಲೆ ನೋಡೋಣ, ಮೊದಲು ಮೊಸರನ್ನ. ಆರ್ಕೆಸ್ಟ್ರಾ ಸ್ಪೀಕರ್ ಮುಂದೆ ಮಾತ್ರ ಕೂರಿಸಬೇಡಿ.

ತುಮಕೂರಿನ ಆಲ್ಬಂ ಕೂಡ ಬಂತು. ಸ್ಟೇಜ್ ಮೇಲಿನ ಒಂದು ಫೋಟೋದಲ್ಲೂ ನಮ್ಮ ಹುಡುಗಿ ಇಲ್ಲ. ಅವತ್ತು ಮೂರು ಸಲ ಕರೆದಿದ್ದೆವು. "ನಾನು ಬಂದರೆ ಬಾಗಿಲಲ್ಲಿ ಯಾರು ನಿಲ್ತಾರೆ?" ಅಂದಿದ್ದಳು.