ಏನೂ ಸಿಗಲಿಲ್ಲ ಅಂದವಳ ಪೋಸ್ಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕ್ಷಣ ಕಣ್ಣು ಮುಚ್ಚಿ. ಬಿಳಿ ಹಾಳೆಯ ಮೇಲೆ ‘ಕೆಂಪು’ ಅಂತ ಬರೆದಿದೆ. ಆದರೆ ಬರೆದಿರುವುದು ಹಸಿರು ಶಾಯಿಯಲ್ಲಿ. ಶಾಯಿಯ ಬಣ್ಣ ಥಟ್ಟನೆ ಹೇಳಿ ಅಂದರೆ ನಾಲಿಗೆ ತಡವರಿಸುತ್ತದೆ. ಓದು ಬಲ್ಲವರಿಗೆ ಓದದೇ ಇರುವುದು ಕಷ್ಟ, ಅಲ್ವಾ? ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ ಪಿಎಚ್.ಡಿ.ಗಾಗಿ ಮಾಡಿದ ಈ ಪ್ರಯೋಗ ಅಚ್ಚಾಗಿದ್ದು 1935ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ರೇಡಿಯೊ ಕೇಂದ್ರ ಶುರು ಮಾಡಿದರು. ಅದರ ಹೆಸರು ‘ಆಕಾಶವಾಣಿ’. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರಿಗೆ ಊರಿನ ಜೊತೆಗೂ ಮಾತಾಡಬೇಕು ಅನ್ನಿಸಿತ್ತು. ಈ ಮೈಕಿನ ಮುಂದೆ ಕೂತಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ.

ಸ್ಟ್ರೂಪ್ ಪ್ರಯೋಗವನ್ನು ನಮ್ಮ ಡಿಗ್ರಿ ಮಕ್ಕಳು ಇವತ್ತಿಗೂ ಲ್ಯಾಬಿನಲ್ಲಿ ಮಾಡುತ್ತಾರೆ. ಒಬ್ಬ ಹುಡುಗಿಗೆ ಒಂದು ಪ್ರಶ್ನೆ ಹುಟ್ಟಿತು ಅಂದುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಕನ್ನಡದ ಪದಕ್ಕೆ ಜಾಸ್ತಿ ಎಡವುತ್ತಾರೋ, ಇಂಗ್ಲಿಷಿನ ಪದಕ್ಕೋ? ಒಳ್ಳೆಯ ಪ್ರಶ್ನೆ. ಮೂವತ್ತು ಗೆಳೆಯರನ್ನು ಒಪ್ಪಿಸಿ ಕೂರಿಸುತ್ತಾಳೆ. ಸ್ಟಾಪ್‌ವಾಚ್ ಹಿಡಿಯುತ್ತಾಳೆ. ಕೊನೆಗೆ ಲೆಕ್ಕ ಹಾಕಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಮುಖ ಸಪ್ಪೆ ಮಾಡಿಕೊಂಡು ಬರುತ್ತಾಳೆ. “ಮೇಡಂ, ಏನೂ ಸಿಗಲಿಲ್ಲ.” ಆಮೇಲೆ ವೈವಾ, ಮಾರ್ಕ್ಸು, ಬೈಂಡ್ ಮಾಡಿಸಿದ ಪುಸ್ತಕ ಬೀರುವಿಗೆ.

ಇದು ನನಗೆ ನೋವು ಕೊಡುತ್ತದೆ. ಬೀರು ಸೇರಬೇಕಾದ ಕೆಲಸವಲ್ಲ ಅದು.

2015ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ, ಮನೋವಿಜ್ಞಾನದ ಮೂರು ದೊಡ್ಡ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ವರದಿ ಹೊರಬಂತು. ಮೂಲದಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಸ್ಪಷ್ಟ ಫಲಿತಾಂಶ ಬಂದಿತ್ತು. ಮತ್ತೆ ಮಾಡಿದಾಗ ಅಂಥದ್ದು ಬಂದಿದ್ದು ನೂರಕ್ಕೆ 36ರಷ್ಟಕ್ಕೆ ಮಾತ್ರ. ಕಾರಣ ಹಲವು. ‘ಏನೂ ಸಿಗಲಿಲ್ಲ’ ಅನ್ನುವ ಕೆಲಸಗಳು ಎಲ್ಲ ಕಡೆಯೂ ಬೀರುವಿನಲ್ಲೇ ಉಳಿದು, ಸಿಕ್ಕಿದ್ದು ಮಾತ್ರ ಅಚ್ಚಾಗುತ್ತಿದ್ದದ್ದು ಅದರಲ್ಲೊಂದು. ಈಗ ‘ಕ್ರೆಪ್’ ಎಂಬ ಯೋಜನೆಯಲ್ಲಿ ಡಿಗ್ರಿ ವಿದ್ಯಾರ್ಥಿಗಳೇ ಹಳೆಯ ಅಧ್ಯಯನಗಳನ್ನು ಮತ್ತೆ ಮಾಡುತ್ತಾರೆ. ಬೇರೆ ಬೇರೆ ಕಾಲೇಜುಗಳ ಡೇಟಾ ಒಟ್ಟುಗೂಡುತ್ತದೆ. ಅಂದರೆ ಹತ್ತೊಂಬತ್ತು ವರ್ಷದವರ ಕೆಲಸವೂ ಲೆಕ್ಕಕ್ಕೆ ಬರುತ್ತದೆ.

ಅದಕ್ಕೇ ಆ ಹುಡುಗಿ ವಿಚಾರ ಸಂಕಿರಣಕ್ಕೆ ಹೋಗಬೇಕು. ತನ್ನ ಕೆಲಸವನ್ನೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಪೋಸ್ಟರ್ ಮಾಡಿ, ಗೋಡೆಗೆ ಅಂಟಿಸಿ ಪಕ್ಕದಲ್ಲಿ ನಿಲ್ಲಬೇಕು. ಗೆಳೆಯರ ಹೆಸರು ಎಲ್ಲೂ ಕಾಣಬಾರದು, ಅದೊಂದು ಎಚ್ಚರ ಇರಲಿ. ಇಂಗ್ಲಿಷಿನಲ್ಲಿ ಮಾತು ತಡವರಿಸಿದರೆ ಕನ್ನಡದಲ್ಲೇ ಹೇಳಲಿ. ಕೆಲಸ ಅವಳದ್ದು, ಭಾಷೆಗೆ ಹೆದರಿ ಬಾಯಿ ಮುಚ್ಚಿ ನಿಲ್ಲುವುದು ಬೇಡ.

ಅಲ್ಲಿ ಯಾರೋ ಹಿರಿಯರು ಬಂದು ಕೇಳುತ್ತಾರೆ: “ಕನ್ನಡದ ಹಾಳೆ ಮೊದಲು ಕೊಟ್ಟೆಯಾ, ಇಂಗ್ಲಿಷಿನದ್ದಾ?” ಎಲ್ಲರಿಗೂ ಕನ್ನಡದ್ದೇ ಮೊದಲು ಕೊಟ್ಟಿದ್ದಾಳೆ. ಎರಡನೇ ಹಾಳೆಗೆ ಬರುವಷ್ಟರಲ್ಲಿ ಕೈ ಪಳಗಿರುತ್ತದೆ, ವೇಗ ತಾನಾಗಿ ಹೆಚ್ಚುತ್ತದೆ. ಇದ್ದ ವ್ಯತ್ಯಾಸ ಅಲ್ಲೇ ಮುಚ್ಚಿಹೋಗಿರಬಹುದು! ಅರ್ಧ ಜನರಿಗೆ ಇದು ಮೊದಲು, ಉಳಿದ ಅರ್ಧಕ್ಕೆ ಅದು ಮೊದಲು ಕೊಡಬೇಕಿತ್ತು. ಪಠ್ಯದಲ್ಲಿ ಓದಿದ್ದಳು, ಪರೀಕ್ಷೆಯಲ್ಲೂ ಬರೆದಿದ್ದಳು. ಅದು ಯಾಕೆ ಬೇಕು ಅಂತ ಮನಸ್ಸಿಗೆ ನಾಟುವುದು ಈಗ, ಸ್ವಂತ ಪೋಸ್ಟರಿನ ಮುಂದೆ ನಿಂತಾಗ.

ಇನ್ನೊಬ್ಬರು ಕೇಳುತ್ತಾರೆ: “ಅವರು ಇಂಗ್ಲಿಷ್ ಓದಲು ಕಲಿತದ್ದು ಯಾವ ವಯಸ್ಸಿಗೆ?” ಅದನ್ನವಳು ಕೇಳಿಯೇ ಇಲ್ಲ. ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಳ್ಳುತ್ತಾಳೆ.

ಪ್ರಾಧ್ಯಾಪಕರೇ, ಸಂಶೋಧಕರೇ, ಮುಂದಿನ ಸಂಕಿರಣದಲ್ಲಿ ಊಟಕ್ಕೆ ಹೋಗುವ ಮೊದಲು ಇಂಥ ಪೋಸ್ಟರಿನ ಮುಂದೆ ದಯವಿಟ್ಟು ಹತ್ತು ನಿಮಿಷ ನಿಲ್ಲಿ. ಸುಮ್ನೆ “ಚೆನ್ನಾಗಿದೆ” ಅಂದು ಹೋಗಬೇಡಿ. ಆ ಹುಡುಗಿ ಬೆಳಗ್ಗೆಯಿಂದ ನಿಂತಿದ್ದಾಳೆ. ಅವಳಿಗೊಂದು ಪ್ರಶ್ನೆ ಕೇಳಿ.

ನಮಸ್ಕಾರ.